ಬೋರಲಿಂಗಯ್ಯನ ಲೋಟ

ನಮ್ಮೂರು ಕೈಲಾಂಚದಲ್ಲಿ ಕ್ಲೋಸ್‌ಪೇಟೆ ಗುತ್ತಿಗೆದಾರನ ಹೆಂಡದಂಗಡಿ ಮಳೆಗೆ ಸೋರಲು ಶುರುವಾದರೂ ಗಂಡಸರಿಗೆ ಮನೆ ನೆನಪಾಗುವುದಿಲ್ಲ. ಕುಡಿಕೆ ಹಿಡಿದುಕೊಂಡೇ ಎದುರಿನ ದೇವೀರಮ್ಮಜ್ಜಿಯ ಜಗಲಿಗೆ ನುಗ್ಗುತ್ತಾರೆ. ಪಿತೃಪಕ್ಷದ ಅಮಾವಾಸ್ಯೆಯ ಸಂಜೆಯೂ ನುಗ್ಗಿದರು. ರಾಗಿ ಹೊಲದಲ್ಲಿ ಕಳೆ ಎದೆಮಟ್ಟ ನಿಂತಿತ್ತು. ಇವರ ಬಾಯಲ್ಲಿ ಮಾತ್ರ ಮಹಾರಾಜರಿಗೇ ಬುದ್ಧಿ ಹೇಳುವ ಜಂಬ. ನಾನು ಹಲ್ಲು ಕಚ್ಚಿಕೊಂಡು ಗೋಡೆಗೆ ಒರಗಿದ್ದೆ.

"ಅಜ್ಜೀ, ಮಳೆ ನಿಲ್ಲೋಗಂಟ ಒಂದ್ ದೆವ್ವದ್ ಕತೆ ಹೇಳು" ಎಂದ ಒಬ್ಬ, ತೇಗುತ್ತ.

ಅಜ್ಜಿ ಅವನ ಕುಡಿಕೆ ನೋಡಿ, ಎಲೆಯಡಿಕೆ ಉಗಿದಳು.

"ದೆವ್ವ ಬೇಕಾ? ಕೇಳ್ರುಲಾ ಮುಂಡೇವಾ. ಪ್ಲೇಗ್‌ಮಾರಿ ಹೋದ್ ಮೇಲೆ ಈ ಪಕ್ಕದ್ ಮನೇಲಿ ಬೋರಲಿಂಗಯ್ಯ ಅಂತಿದ್ದ, ನಿಮ್ ಥರದೋನೇ... ಮೊದ್ಲು ಮೈಕೈ ನೋವ್ಗೆ ಅಂತ ಸಂಜೆ ಒಸಿ ಕುಡ್ದ, ಆಮೇಲೆ ನಿದ್ದೆ ಬರ್ಲಿ ಅಂತ ಕುಡ್ದ, ಆಮೇಲೆ ಬೆಳಿಗ್ಗೆ ಕೈ ನಡುಕ ನಿಲ್ಲಲಿ ಅಂತ ಕುಡ್ದ... ಕುಡ್ದು ಬಂದ್ ನಡುಕಕ್ಕೆ ಕುಡಿಯೋದೇ ಮದ್ದಂತೆ, ಎಂಥಾ ಪಂಡಿತ! ಲೋಟ ಹಲ್ಗೆ ಬಡ್ದು ಕಟಕಟ ಅನ್ನೋದು ಬೀದಿಗೇ ಕೇಳ್ಸೋದು. ಕಣ್ಣು ಅರಿಶ್ನ ಆದ್ವು, ಕೈಕಾಲು ಕಡ್ಡಿ ಆದ್ವು, ಹೊಟ್ಟೆ ಮಾತ್ರ ಗುಡಾಣ... ತುಂಬಿದ್ ಬಸುರೀನೂ ನಾಚ್ಕೋಬೇಕು. ಕೊನೆಗೆ ರಕ್ತ ಕಾರ್ಕೊಂಡು ಸತ್ತ.

"ಹೆಂಡ್ತಿ ಹೊಂಬಾಳಮ್ಮಂಗೆ ಒಬ್ನೇ ಮಗ, ವೆಂಕಟಯ್ಯ. ಒಂದ್ ತೊಟ್ಟೂ ಮುಟ್ದೋನಲ್ಲ. ಇವ್ನೊಬ್ಬ ಅಪ್ಪನಂಗಾಗ್ದೆ ಉಳುದ್ರೆ ಸಾಕು ಅಂತ ಜೀವ ಹಿಡ್ಕೊಂಡಿದ್ಳು. ಪಿತೃಪಕ್ಷ ಬಂತು. ಸತ್ತೋರ್ಗೆ ಇಷ್ಟವಾದ್ದು ಎಡೆಗಿಟ್ಟು, ಬಾಗ್ಲು ಹಾಕಿ, ಎಲ್ರೂ ಈಚೆಗ್ ನಿಲ್ಬೇಕಲ್ವಾ? ಅವ್ಳು ಮುದ್ದೆ ಇಟ್ಳು, ಬಾಡಿಟ್ಳು, ಅವನ್ ಹಿತ್ತಾಳೆ ಲೋಟಕ್ಕೆ ಮಜ್ಜಿಗೆ ಹುಯ್ದಿಟ್ಳು. ಬಾಗ್ಲು ಹಾಕುದ್ರು... ಒಳಗೆ ಕಟಕಟ ಅಂತು. ಆಮೇಲೆ ಥೂ ಅಂತ ಉಗ್ದ ಸದ್ದು. ತಗ್ದು ನೋಡುದ್ರೆ ಮಜ್ಜಿಗೆ ಗೋಡೆ ಮೇಲೆ!

"ನಿಮ್ಮಂಥೋರೇ ನಿಂತಿದ್ರಲ್ಲ, ಎದೆ ಹೊಡ್ಕೊಂಡ್ರು: 'ಅಪ್ಪನ್ ಬಾಯ್ಗೆ ಮಜ್ಜಿಗೆನಾ? ಪಾಪ ಕಣ್ಲಾ ವೆಂಕಟ!' ಆ ಮನೆಗೆ ಒಂದ್ ಹಿಡಿ ರಾಗಿ ಕೊಡ್ದೋರು, ಹೆಂಡ ಮಾತ್ರ ಓಡ್ಹೋಗಿ ತಂದ್ರು. ಮತ್ತೆ ಬಾಗ್ಲು, ಮತ್ತೆ ಕಟಕಟ... ತಗುದ್ರೆ ಲೋಟ ಅರ್ಧ ಖಾಲಿ. 'ಎಡೇಲಿ ಉಳ್ದಿದ್ದು ಮಗನೇ ತಗಬೇಕು' ಅಂದ್ರು. 'ಬ್ಯಾಡ ಕಣೋ ಮಗಾ' ಅಂತ ಅವ್ಳು ಕೈ ಹಿಡ್ಕೊಂಡ್ಳು. ಅವ್ಳ ಕೈ ಬುಡುಸ್ಬುಟ್ರು. ವೆಂಕಟ ಕುಡ್ದ.

"ಮಾರನೇ ಬೆಳಿಗ್ಗೆ ವೆಂಕಟಯ್ಯನ ಕೈ ನಡುಗ್ತು. ಅರ್ಧ ಲೋಟಕ್ಕೆ ಯಾರ್ಗಾನಾ ಹಂಗ್ ನಡುಗ್ತದಾ? ಹೊಂಬಾಳಮ್ಮ ಮಗನ್ ಕೈ ಹಿಡ್ದು ನೋಡುದ್ಳು... ಗಂಡನ್ ಕೈ ಅದು! ಹೆಬ್ಬೆಟ್ಟಿನ್ ಮೇಲೆ ಕುಡುಗೋಲು ತಾಗಿದ್ ಗುರ್ತು ಸೈತ. ವರ್ಷ ತುಂಬೋದ್ರೊಳ್ಗೆ ಅವ್ನೂ ಹೋದ... ಅದೇ ಕಣ್ಣು, ಅದೇ ಹೊಟ್ಟೆ. ಅವನ್ ಹಿಂದೇನೆ ಅವ್ಳೂ.

"ಆ ಮನೇಲಿ ಈಗ ಯಾರೂ ಇಲ್ಲ. ಬೋರಲಿಂಗಯ್ಯನ್ ಲೋಟಕ್ಕೆ ಹೆಂಡ ಹುಯ್ದು ಎಡೆ ಇಡೋದು ಮಾತ್ರ ನೀವು ಬುಡ್ನಿಲ್ಲ, ಪುಣ್ಯವಂತ್ರು! ಉಳ್ದಿದ್ದು ಹಂಚ್ಕೊಂಡು ಕುಡೀಬೋದಲ್ಲ... ಇವತ್ತೂ ಅಲ್ಲಿಂದ್ಲೇ ತಾನೆ ಶುರು ಮಾಡಿದ್ದು?"

ತೇಗಿದವನು ನಗಲು ಹೋದ. ಕುಡಿಕೆ ಅವನ ಹಲ್ಲಿಗೆ ತಗಲಿ ಕಟಕಟ ಎಂದಿತು.

"ನಗು ಮಗಾ, ನಗು. ದಿನಾ ಬೆಳಿಗ್ಗೆ ನಡುಗ್ತದಲ್ಲ... ಆ ಕೈ ನಿಂದು ಅಂತ ನಿಂಗ್ಯಾರ್ಲಾ ಹೇಳಿದ್ದು?"