ಮಡಿವಾಳೆಪ್ಪ ಮಾಸ್ತರ ತೆರಿಗಿ

ಅಲ್ರೀ ಮಡಿವಾಳೆಪ್ಪ ಮಾಸ್ತರ್ರ, ಹೊಲದಾಗಿನ ಹತ್ತಿ ಮಾರಿದ್ದನ್ನ ಪಗಾರದೊಳಗ ಯಾಕ ಸೇರಿಸೀರಿ? ಹೊಲದ ಉತ್ಪನ್ನಕ್ಕ ತೆರಿಗಿ ಇಲ್ಲ, ಅದನ್ನ ಬಾಜೂಕ ಬ್ಯಾರೆ ಬರೀಬೇಕು. ಹ್ವಾದ ವರ್ಷನೂ ಹೇಳಿದ್ದೆ, ಅದರ ಹಿಂದಿನ ವರ್ಷನೂ ಹೇಳಿದ್ದೆ... ಯಾಕ ನಗ್ತೀರಿ? ಹೈಸ್ಕೂಲಿನಾಗ ಹುಡುಗೂರಿಗೆ ಬೀಜಗಣಿತ ಕಲಸಾವರು ನೀವು. ನಾ ಕನ್ನಡ ಸಾಲಿ ಅಕ್ಕೋರು, ಸಣ್ಣ ಹುಡುಗೂರ ಕಡಿಂದ ಮಗ್ಗಿ ಅನ್ನಸಾಕಿ. ನಿಮ್ಮ ಲೆಕ್ಕ ನಾ ತಿದ್ದಬೇಕು. ಇದು ಊರಾಗ ಗೊತ್ತಾದ್ರ ನಿಮ್ಮ ಹತ್ರ ಟ್ಯೂಷನ್ನಿಗೆ ಯಾರೂ ಬರೂದಿಲ್ಲ ನೋಡ್ರಿ.

ಚಹಾ ಕುಡೀರಿ, ಆರತೈತಿ. ಸಕ್ಕರಿ ಕಮ್ಮಿನ ಹಾಕೇನಿ. ಕೇಳೂದೇನೈತಿ ಅದನ್ನ, ನನಗ ಗೊತ್ತಿಲ್ಲೇನು.

ವಿಮಾ ಕಂತು ತುಂಬಿದ ಪಾವತಿ ಎಲ್ಲಿ?... ತುಂಬೇ ಇಲ್ಲ? ಭೇಷ್. ಇವತ್ತಿನ ಐತವಾರ ಬಿಟ್ರ ಮಾರ್ಚ್ ಮುಗದಂಗ. ಏಪ್ರಿಲ್ ಒಂದಕ್ಕ ತುಂಬಿದ್ರ ಅದು ಬರೂ ವರ್ಷದ ಲೆಕ್ಕಕ್ಕ ಹೋಗತೈತ್ರಿ. ನಾಳೆ ಮುಂಜಾನೆ ಮೊದಲನೇ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿ ತುಂಬಿ ಬರ್ರಿ. ಹಂಗ ಒಂದು ಕೋಟೂ ತಗೊಂಡು ಬರ್ರಿ... ಈಗ ಮೊಣಕೈ ಮುಚ್ಚಿಕೊಂಡು ಏನು ಮಾಡ್ತೀರಿ, ಹರದದ್ದು ನಾ ಆಗಲೇ ನೋಡೇನಿ. ರಿಯಾಯ್ತಿ ಸಿಗತೈತಿ ಅಂತ ಇದ್ದದ್ದೆಲ್ಲಾ ಪೋಸ್ಟಿನ ಸರ್ಟಿಫಿಕೇಟಿಗೆ ಸುರೀಬಾರದು. ಅದನ್ನ ಆರು ವರ್ಷ ಮುಟ್ಟೂಹಂಗಿಲ್ಲ. ಮನಿಗೆ, ಮೈಗೆ ಬೇಕಾದ್ದು ಮೊದಲ ತಗದಿಟ್ಟು, ಉಳದದ್ದನ್ನ ಹಾಕ್ರಿ. ಸರ್ಟಿಫಿಕೇಟು ಹೊತಗೊಂಡು ಸಾಲಿಗೆ ಹೋಗಾಕ ಬರತೈತೇನು?

ಇದೆಲ್ಲಾ ನನಗ ನಮ್ಮವರು ಕಲಿಸಿದ್ದು. ಹತ್ತಿ ವ್ಯಾಪಾರಸ್ಥರ ಟ್ಯಾಕ್ಸಿನ ಕಾಗದಪತ್ರ ಅವರು ಬರಿಯಾವರು, ಶುದ್ಧ ಪ್ರತಿ ತಗಿಯಾಕಿ ನಾನು. ಅವರು ಹೋದಮ್ಯಾಲೆ ಬಿಟ್ಟೇಬಿಟ್ಟಿದ್ದೆ. ನಿಮ್ಮ ಮನಿಯಾಕಿ ತೀರಿಕೊಂಡ ವರ್ಷ ನೀವು ಬಂದ್ರಿ, ವಿಮಾ ಕಾಗದದ ಮ್ಯಾಲಿನ ಹೆಸರು ಬದಲಿ ಮಾಡೂದು ಹೆಂಗ ಅಂತ ಕೇಳಾಕ. ಗ್ವಾಡಿ ನೋಡಕೋತ ಕುಂತಿದ್ರಿ. ಚಹಾ ಮಾಡಿಕೊಟ್ಟೆ... ಇರ್ಲಿ ಬಿಡ್ರಿ, ಆ ಮಾತು ಈಗ್ಯಾಕ.

ಒಳಗ ಬಸಕ್ಕಾರು ಅದಾರ, ಸ್ವಲ್ಪ ಸಾವಕಾಶ ನಗ್ರಿ. ನಮ್ಮವರ ಅಕ್ಕ ಆದ್ರೂ ನನಗ ಅತ್ತಿಗಿಂತ ಹೆಚ್ಚು. ನಿನ್ನೆ ಜ್ವಾಳ ಹಸನ ಮಾಡಕೋತ ಕೇಳಿದ್ರು, "ರೇವವ್ವ, ಆ ಮಾಸ್ತರದು ಇನ್ನೂ ಟ್ಯಾಕ್ಸ್ ಮುಗದಿಲ್ಲೇನು?" ಅಂತ. ಇಲ್ಲ, ಬಾಳ ತೊಡಕಿಂದೈತಿ ಅಂದೆ. "ಎದುರಿನ ಮನಿಯವರೂ ಕೇಳಾಕ ಹತ್ಯಾರ" ಅಂದ್ರು. ಗಂಡ ಇಲ್ಲದಾಕಿ ಮನಿ ಕಟ್ಟಿ ಯಾರು ಹತ್ತಿದ್ರು, ಎಷ್ಟೊತ್ತಿಗೆ ಇಳದ್ರು, ಅದನ್ನ ಎಣಸಾವರು ಊರಾಗ ಕಮ್ಮಿ ಏನಿಲ್ಲ. ನಿಮ್ಮ ಕೈಯಾಗ ಈ ಕಾಗದ ಇದ್ರ ಎಣಿಸಿ ಸುಮ್ಮನಾಗ್ತಾರ. ಅದಕ್ಕ ಹೇಳೂದು, ಕಟ್ಟಿ ಹತ್ತೂಮುಂದ ಫೈಲು ಕಾಣೂಹಂಗ ಹಿಡಕೊಂಡು ಬರ್ರಿ ಅಂತ.

ಹಾಂ, ಮರತಿದ್ದೆ. ನಿಮ್ಮ ದೋಸ್ತ ಮಲಿಕಸಾಬರು ಬೇಸ್ತವಾರ ಬಂದಿದ್ರು. ಠೇವಣಿ ಹೆಂಡ್ತಿ ಹೆಸರಿಗೆ ಇಟ್ರ ತೆರಿಗಿ ತಪ್ಪತೈತೇನು ಅಂತ ಕೇಳಿದ್ರು. ತಪ್ಪೂದಿಲ್ಲ ಅಂದೆ. ಗಂಡ ಕೊಟ್ಟ ರೊಕ್ಕಕ್ಕ ಬಂದ ಬಡ್ಡಿ ಗಂಡನ ಲೆಕ್ಕಕ್ಕ ಬರತೈತಿ. ಆದ್ರ ಹೆಂಡ್ತಿ ತಾನ ದುಡದ ಪಗಾರ ಅಗದಿ ಆಕೀದ. ಗಂಡ ಹೆಂಡ್ತಿ ಇಬ್ಬರೂ ಸಾಲ್ಯಾಗ ನೌಕರಿ ಮಾಡಿದ್ರೂ ಇಬ್ಬರ ಲೆಕ್ಕ ಬ್ಯಾರೆ ಬ್ಯಾರೆ. ಮದುವಿ ಆದ್ರು ಅಂತ ಇಬ್ಬರ ಪಗಾರಾನೂ ಕೂಡಿಸಿ ತೆರಿಗಿ ಏರಸೂದಿಲ್ಲ... ಯಾಕ್ರಿ, ಹಂಗ್ಯಾಕ ನೋಡ್ತೀರಿ? ಕಾಯದೇದಾಗ ಇದ್ದದ್ದು ಹೇಳಿದೆ. ಯಾರಿಗೂ ಅಂತಲ್ಲ.

ಮಲಿಕಸಾಬರಿಗೆ ಕಡೀಕ ನಾನ ಅಂದೆ, ಇಷ್ಟ್ಯಾಕ ತ್ರಾಸ ತಗೋತೀರಿ, ನಿಮಗ ತೆರಿಗೀನ ಬರೂದಿಲ್ಲಲ್ಲ ಅಂತ. ಎಂಬತ್ತೈದರ ಬಜೆಟ್ಟಿನಾಗ ಸರಕಾರ ಮಿತಿ ಏರಿಸಿತು, ನಿಮ್ಮ ಪಗಾರ ಅದರ ಕೆಳಗ ಬಂತು, ಕಾಗದ ಬರಿಯೂದೂ ಬ್ಯಾಡ, ನನ್ನ ಕಡೆ ಬರೂದೂ ಬ್ಯಾಡ, ಆರಾಮ ಇರ್ರಿ ಅಂತ ಹೇಳಿ ಕಳಿಸಿದೆ. ಬಾಳ ಖುಷೀಲೆ ಹ್ವಾದರು, ಪಾಪ...

ಯಾಕ ಪೆನ್ನ ಕೆಳಗಿಟ್ರಿ?

ಮಲಿಕಸಾಬರದು ಬ್ಯಾರೆ, ನಿಮ್ಮದು ಬ್ಯಾರೆ. ಅವರು... ಅವರದು ಅದ ಸಾಲಿ ಖರೆ. ನೀವಿಬ್ಬರೂ ಒಂದ ದಿನ ನೌಕರಿಗೆ ಹತ್ತಿದಾವರು. ಪಗಾರಾನೂ...

ಫೈಲು ಯಾಕ ಮುಚ್ಚಿದ್ರಿ ಮಾಸ್ತರ್ರ?

ಹೌದು. ನಿಮಗೂ ತೆರಿಗಿ ಇಲ್ಲ. ಎರಡು ವರ್ಷಾತು. ತೆರಿಗಿ ಸೊನ್ನೆ ಬಂತು, ನನ್ನ ಶಾಣ್ಯಾತನದಿಂದ ಬಂತು ಅಂತ ನಾನ ಹೇಳಕೋತ ಬಂದೆ. ನೀವು ಇನ್ನ ಬರೂದು ಬ್ಯಾಡ ಅಂತ ಹೇಳಬೇಕು ಅಂತ ಹ್ವಾದ ವರ್ಷ ಬಾಗಲತನಕಾ ಬಂದಿದ್ದೆ. ನೀವು ಚಪ್ಪಲಿ ಮೆಟಗೊಂಡು, "ಮತ್ತ ಯಾವಾಗ ಬರ್ಲೆ ಅಕ್ಕೋರ?" ಅಂದ್ರಿ. ಮುಂದಿನ ವಾರ ಇನ್ನೊಂದು ಸಹಿ ಬೇಕು ಅಂದುಬಿಟ್ಟೆ. ಯಾವ ಸಹಿನೂ ಬೇಕಾಗಿರಲಿಲ್ಲ.

ಬೈರಿ ಬೇಕಾದ್ರ. ಸಿಟ್ಟು ಬಂದಿರಬೇಕಲ್ಲ, ಬರಲಿಲ್ಲೇನು? ಅಚ್ಚರಿನೂ ಆದಂಗ ಕಾಣವಲ್ದು ನಿಮ್ಮ ಮಾರಿ. ತಲಿ ಬಗ್ಗಿಸಿ ಬಟ್ಟಲಾ ತಿರವಾಕ ಹತ್ತೀರಿ... ಇತ್ತ ನೋಡ್ರಿ ಒಂದೀಟು.

ನಿಮಗ ಗೊತ್ತಿತ್ತು.

ಬಜೆಟ್ಟು ಪೇಪರಿನಾಗ ಬಂದ ದಿನಾನ ಗೊತ್ತಿತ್ತು, ಹೌದಲ್ಲ? ಮತ್ತ ಎರಡು ವರ್ಷ ಈ ಬಿಸಲಾಗ, ಆ ಫೈಲು ಹಿಡಕೊಂಡು... ನನಗ ಒಂದು ಮಾತು ಹೇಳಬಾರದಾ? ನಾ ಬೇಕಾರ ಹೆದರಿದೆ. ನೀವ್ಯಾಕ ಹೆದರಿದ್ರಿ?

ಇರ್ಲಿ. ಎದ್ದು ಹೋಗೂದಿದ್ರ ಈಗ ಹೋಗಬೇಕು, ಬಾಗಲಾ ತಗದ ಐತಿ... ಹೋಗವಲ್ರಿ.

ಬಸಕ್ಕಾ, ಬಸಕ್ಕಾ, ರೊಟ್ಟಿ ಇನ್ನೆರಡು ಬಡೀರಿ. ಮಾಸ್ತರು ಉಣ್ಣಾಕ ಇರ್ತಾರ... ಇಲ್ರಿ, ಟ್ಯಾಕ್ಸಿಗಲ್ಲ. ಸುಮ್ಮನ ಬಂದಾರ.