ಉಜ್ಜನಪ್ಪ ಹಾಕಿದ ಸಾಕ್ಷಿ ಸಹಿ

ಹರಿಹರದ ಬಸ್ಸಿನಲ್ಲಿ ಮುಂದಿನ ಸೀಟಿನವರು ಪಿಸುಗುಟ್ಟುತ್ತಿದ್ದರೂ ದುರುಗಮ್ಮನಿಗೆ ಎಲ್ಲವೂ ಕೇಳಿಸುತ್ತಿತ್ತು.

"ಭರಮಣ್ಣ, ಕೆಡದಂಗ ಔಷಧಿ ಹಚ್ಚಿದ ಮೀನು ಅಂತ ಆಫೀಸರು ಅಂಗಡಿ ಮಾಲೆಲ್ಲಾ ಜಪ್ತಿ ಮಾಡಿದ್ರು. ಅಲ್ಲೇ ನಿಂತಿದ್ದ ನನ್ನ ಕೈಲಿ ಪಂಚನಾಮೆಗೆ ಸಹಿ ಹಾಕಿಸ್ಕೊಂಡ್ರು."

"ಲಿಂಗ ಕಟ್ಟಿದೋನಿಗೆ ಮೀನಿನಂಗಡ್ಯಾಗ ಏನು ಕೆಲ್ಸ, ಉಜ್ಜನಪ್ಪ?"

"ದಾರಿಹೋಕ ಅನ್ನಬೇಕಿತ್ತು. ಬಾಯಿ ತಡೀಲಿಲ್ಲ, 'ಹೋದ ವಾರದ ಮೀನು ಹಿಂಗಿರಲಿಲ್ರಿ' ಅಂದ್ಬಿಟ್ಟೆ. ಅದನ್ನೂ ಬರಕೊಂಡ್ರು."

"ಕೋರ್ಟಿನ ನೋಟಿಸು ಮನಿಗೆ ಬಂದ್ರೆ ನಿನ್ ಹೆಂಡ್ತಿ ಶಕುಂತಲಕ್ಕ ಸುಮ್ನೆ ಬಿಡ್ತಾರಾ?"

"ನಿಮ್ಮನಿ ವಿಳಾಸ ಕೊಟ್ಟೀನಿ. ನೀವು ತಿನ್ನೋರು, ನಿಮಗೇನು?"

"ಕೆಟ್ಟೆ! ಶ್ರಾವಣ ಮುಗಿಯೋತನಕ ಮುಟ್ಟಲ್ಲ ಅಂತ ಹೆಂಡ್ತಿಗೆ ಆಣೆ ಮಾಡೀನಿ. ಹೋದ ವಾರ ನಿನ್ ಜೊತಿಗೆ ತಿಂದೋನು ನಾನೇ ಅಲ್ವೇನೋ!"

ಹರಿಹರ ಬಂತು. ಇಬ್ಬರೂ ಮನೆಯ ದಾರಿ ಬಿಟ್ಟು, ಪೋಸ್ಟ್‌ಮ್ಯಾನ್‌ನನ್ನು ಹುಡುಕಿಕೊಂಡು ಅಂಚೆ ಕಚೇರಿಯತ್ತ ಓಡಿದರು.