ಹೊಲಿಗೆ ಇಲ್ಲದ ಕೊಳವೆ

ಬಾಗಿಲು ಹಾಕ್ಕೊಂಡು ಬನ್ನಿ. ಹತ್ತಿರ ಕೂತ್ಕೊಳ್ಳಿ. ನಗೋರು ಈಗಲೇ ನಕ್ಕುಬಿಡಿ, ಆಮೇಲೆ ನಡುವೆ ಬಾಯಿ ಹಾಕಬೇಡಿ. ಇದು ಯಾರೋ ಯಾರಿಗೋ ಹೇಳಿ ನನ್ನ ಕಿವಿಗೆ ಬಿದ್ದದ್ದಲ್ಲ. ನನ್ನ ದೊಡ್ಡಮ್ಮನ ಮಗಳಿಗೆ ಆದದ್ದು...

ಅವಳನ್ನ ನಾವೆಲ್ಲ ಕೆಂಡಕ್ಕ ಅಂತಲೇ ಕರೆಯೋದು. ಕೋಪ ಅನ್ನೋದು ಮೂಗಿನ ತುದೀಲೇ. ಹಾಲು ಉಕ್ಕಿದ್ರೆ ಹಾಲಿಗೆ ಬೈಯೋಳು, ಕಾಲು ಎಡವಿದ್ರೆ ಹೊಸಿಲಿಗೆ ಬೈಯೋಳು. ಅಂಥವಳು ಒಂದು ರಾತ್ರಿ, ಸಂಜೆ ಪಾಳಿ ಮುಗಿಸಿ, ಒಬ್ಬಳೇ ಮನೆಗೆ ಹೊರಟಿದ್ಲು.

ಅವಳು ಕೆಲಸ ಮಾಡೋ ಗ್ಯಾಸ್ ಪೈಪ್‌ಲೈನ್ ಸ್ಟೇಷನ್ನಿನ ಹಿಂದಿನ ಗೇಟು ದಾಟಿದ್ರೆ ಒಂದು ಹಾಳು ಬಾವಿ. ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ. ಪಕ್ಕದಲ್ಲೇ ಬೇಲಿ. ಬೇಲಿಯ ಆಚೆ, ಸ್ಟ್ಯಾಂಡಿನ ಮೇಲೆ ಹೊಸ ಸ್ಟೀಲ್ ಟ್ಯೂಬುಗಳು ಸಾಲಾಗಿ ಮಲಗಿದ್ವು. ಬೆಳದಿಂಗಳಲ್ಲಿ ಬೆಳ್ಳಗೆ... ಅಂಗಾತ ಬಿದ್ದ ಹಾವಿನ ಹೊಟ್ಟೆ ಇದ್ದ ಹಾಗೆ.

ಟಿಣ್... ಟಿಣ್... ಕಿರ್ರ್ರ್.

ಕೆಂಡಕ್ಕ ನಿಂತುಬಿಟ್ಲು.

ಆ ಸದ್ದು ಅವಳಿಗೆ ಗೊತ್ತಿತ್ತು. ಅವಳ ಗಂಡ, ಅಂದ್ರೆ ನಮ್ಮ ಭಾವ, ಅದೇ ಸ್ಟೇಷನ್ನಿನಲ್ಲಿ ಫಿಟ್ಟರ್ ಆಗಿದ್ರು. ದೊಡ್ಡ ಪೈಪಿನಲ್ಲಿ ಗ್ಯಾಸು ಊರಿಂದೂರಿಗೆ ಹೋಗುತ್ತಲ್ಲ, ಆ ಪೈಪಿಗೆ ಹೆಬ್ಬೆರಳು ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಟ್ಯೂಬುಗಳನ್ನ ಕೂರಿಸೋದು ಅವರ ಕೆಲಸ. ಒಳಗೆ ಎಷ್ಟು ಒತ್ತಡ ಇದೆ ಅಂತ ಮೀಟರಿಗೆ ಮುಟ್ಟಿಸೋದು, ವಾಲ್ವುಗಳನ್ನ ಆಡಿಸೋದು, ಎಲ್ಲ ಆ ಸಣ್ಣ ಟ್ಯೂಬುಗಳೇ. ಷೆಡ್ಡಿನಲ್ಲಿ ಮಿಷಿನ್ನಿನ ಗದ್ದಲಕ್ಕೆ ಬಾಯಿಮಾತು ಕೇಳಿಸಲ್ಲ. ಅದಕ್ಕೇ ಫಿಟ್ಟರುಗಳು ಟ್ಯೂಬಿನ ಮೇಲೆ ಸ್ಪ್ಯಾನರಿನಲ್ಲಿ ಬಡಿದು ಮಾತಾಡ್ಕೋತಾರೆ. ಎರಡು ಬಡಿತ, ಒಂದು ಉಜ್ಜು ಅಂದ್ರೆ, ‘ಗ್ಯಾಸು ಬಿಡಬೇಡ, ಒಳಗೆ ಆಳು ಇದ್ದಾನೆ’ ಅಂತ. ಭಾವ ಊಟಕ್ಕೆ ಕೂತಾಗ ತಟ್ಟೆ ಮೇಲೆ ಚಮಚದಲ್ಲಿ ಬಡಿದು ತೋರಿಸ್ತಿದ್ರು.

ಆ ಭಾವ ಸತ್ತು ಇನ್ನೂ ವರ್ಷ ತುಂಬಿರಲಿಲ್ಲ.

ಟ್ಯೂಬು ಒಡೆದು, ಗ್ಯಾಸು ಎದೆಗೆ ಗುದ್ದಿ, ಅಲ್ಲೇ ಹೋದ್ರು. ಮಣ್ಣು ಮಾಡಿ ಬಂದ ದಿನವೇ ಸೂಪರ್‌ವೈಸರ್ ಎಲ್ಲರ ಎದುರು ಹೇಳಿದ. ಆ ಮನುಷ್ಯನ ಅಂಗಿಯ ಗೆರೆ ಮುರಿದದ್ದನ್ನ ಯಾರೂ ನೋಡಿರಲಿಲ್ಲ. ಆಳುಗಳೆಲ್ಲ ಅವನನ್ನ ಇಸ್ತ್ರಿ ಅಂತಿದ್ರು. ಆ ಇಸ್ತ್ರಿ ಹೇಳಿದ: "ಅವನ ಕೈ ಬಿಗಿ ಜಾಸ್ತಿ. ನಟ್ಟು ತಿರುಚಿ ತಿರುಚಿ ಟ್ಯೂಬಿನ ಕುತ್ತಿಗೆ ಮುರಿದ. ತಪ್ಪು ಅವನದ್ದೇ."

ಕೆಂಡಕ್ಕ ನಂಬಿದ್ಲು. ಯಾಕೆ ನಂಬಬಾರದು? ಕೈ ಬಿಗಿ ಅಂದ್ರೆ ಭಾವ ಜಿಪುಣ ಅಲ್ಲ ಮತ್ತೆ, ನಿಜಕ್ಕೂ ಬಿಗಿ. ಅವರು ಎಡಚ, ಆ ಎಡಗೈ ಮುಚ್ಚಿದ ಡಬ್ಬಿ ತೆಗೆಯೋಕೆ ಅಕ್ಕಪಕ್ಕದವರು ಬರಬೇಕಿತ್ತು. ಹಾಗಾಗಿ ಸತ್ತ ಗಂಡನ ಮೇಲೆ ಅವಳಿಗೆ ಅಳುವಿಗಿಂತ ಸಿಟ್ಟೇ ಜಾಸ್ತಿ. ‘ನಿಮ್ಮ ಹಾಳು ಕೈಯೇ ನಿಮ್ಮನ್ನ ತಿಂತು, ನನ್ನನ್ನೂ ಬೀದಿಗೆ ತಂತು’ ಅಂತ ಗೋಡೆಗೆ ತಗುಲಿಸಿದ ಫೋಟೋಗೆ ದಿನಾ ಬೈಯೋಳು. ಆಮೇಲೆ ಅದೇ ಸ್ಟೇಷನ್ನಿನ ಸ್ಟೋರಿನಲ್ಲಿ ಅವಳಿಗೊಂದು ಕೆಲಸ ಕೊಟ್ರು. ಬಂದ ಟ್ಯೂಬುಗಳನ್ನ ಒರೆಸಬೇಕು, ಧೂಳು ಹೋಗದ ಹಾಗೆ ಎರಡೂ ತುದಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಬೇಕು. ಅಷ್ಟೇ.

ಸರಿ... ಬಾವಿ ಹತ್ತಿರ ನಿಂತಿದ್ಲು ಅಂದೆನಲ್ಲ.

ಟಿಣ್... ಟಿಣ್... ಕಿರ್ರ್ರ್.

"ಯಾವನೋ ಅವನು?" ಅಂತ ಕೂಗಿದ್ಲು. "ಗಂಡ ಸತ್ತೋಳ ಹತ್ತಿರ ಚೇಷ್ಟೆ ಮಾಡ್ತೀಯಾ? ಮುಂದೆ ಬಾ, ಮುಖ ತೋರಿಸು!"

ಯಾರೂ ಇಲ್ಲ. ಅವಳು ನಡೆದ್ರೆ ಸದ್ದೂ ಬೇಲಿಯ ಒಳಗೆ ಜೊತೇಲೇ ನಡೀತು. ನಿಂತ್ರೆ ನಿಂತುಹೋಯ್ತು. ಆಮೇಲೆ ಅವಳ ಸೊಂಟದ ಎತ್ತರದಲ್ಲಿದ್ದ ಒಂದು ಟ್ಯೂಬಿನ ಮುಚ್ಚಳ... ಪಟಕ್ ಅಂತ ಹಾರಿ ಮಣ್ಣಿಗೆ ಬಿತ್ತು. ಅವತ್ತು ಸಂಜೆ ತಾನೇ ಒತ್ತಿ ಹಾಕಿದ್ದ ಮುಚ್ಚಳ.

ಆ ತೂತಿನಿಂದ ಉಸಿರು ಬಂತು. ಉಸಿರಿನ ಹಿಂದೆ ಮಾತು.

"ಲೇ..."

ಅವಳನ್ನ ಹಾಗೆ ಮೆತ್ತಗೆ ಕರೀತಿದ್ದವರು ಲೋಕದಲ್ಲಿ ಒಬ್ಬರೇ. ಬೇರೆಯವರಾಗಿದ್ರೆ ಎದ್ದೆನೋ ಬಿದ್ದೆನೋ ಅಂತ ಓಡ್ತಿದ್ರು. ಕೆಂಡಕ್ಕ ಕಾಲಿನ ಚಪ್ಪಲಿ ಕಿತ್ತು ಬೇಲಿಗೆ ಎಸೆದ್ಲು. "ಬದುಕಿದ್ದಾಗ ಬಾಯಲ್ಲಿ ಅವಲಕ್ಕಿ ಇಟ್ಕೊಂಡ ಹಾಗೆ ಇರ್ತಿದ್ರಿ, ಈಗ ಮಾತಾಡೋಕೆ ಬಂದ್ರಾ?" ಅಂದು, ಒಂಟಿ ಚಪ್ಪಲೀಲಿ ಮನೆಗೆ ಬಂದ್ಲು. ಚಿಲಕ ಹಾಕಿದ್ದು ಸಾಲದು ಅಂತ ಬಾಗಿಲಿಗೆ ಒರಳುಕಲ್ಲನ್ನೂ ಅಡ್ಡ ಇಟ್ಲಂತೆ.

ಮಾರನೇ ರಾತ್ರಿ ಸ್ಟೋರಿನಲ್ಲಿ ಅವಳೊಬ್ಬಳೇ. ಹೊಸ ಷೆಡ್ಡಿಗೆ ಮೊದಲ ಸಲ ಗ್ಯಾಸು ಬಿಡೋ ದಿನ ಹತ್ತಿರ ಬಂದಿತ್ತು. ಉಳಿದ ಟ್ಯೂಬುಗಳನ್ನ ಅವಸರದಲ್ಲಿ ಒರೆಸ್ತಿದ್ಲು. ಒಂದಕ್ಕೆ ಮುಚ್ಚಳ ಹಾಕಿದ್ಲು. ಪಟಕ್... ಬಿತ್ತು. ಮತ್ತೆ ಹಾಕಿದ್ಲು. ಪಟಕ್. ಆಮೇಲೆ ಹಿಂದಿನ ಸಾಲು, ಅದರ ಹಿಂದಿನ ಸಾಲು... ಪಟಕ್, ಪಟಕ್, ಪಟಕ್. ಕತ್ತಲ ಮೂಲೆ ತನಕ ಒಂದಾದ ಮೇಲೊಂದು ಮುಚ್ಚಳ ಉದುರಿದ್ವು.

"ಏನ್ರೀ ಬೇಕು ನಿಮಗೆ?" ಅಂದ್ಲು. ಸಿಟ್ಟು ಇಳಿದಿರಲಿಲ್ಲ. "ಸತ್ರೂ ನನ್ನ ಕೆಲಸ ಕೆಡಿಸ್ಬೇಕಾ?"

"ಬೆರಳು ಹಾಕು..."

"ಯಾಕೆ?"

"ಹಾಕಿ ನೋಡೇ..."

ಎದುರಿದ್ದ ಟ್ಯೂಬಿಗೆ ಕಿರುಬೆರಳು ತೂರಿಸಿದ್ಲು. ತಣ್ಣಗೆ, ನುಣ್ಣಗೆ. ಬೆರಳು ಒಂದು ಸುತ್ತು ತಿರುಗಿಸಿದ್ಲು... ಒಂದು ಕಡೆ ಏನೋ ತಡೀತು. ಉದ್ದಕ್ಕೆ ಹೋದ ಒಂದು ಸಣ್ಣ ಏಣು. ರವಿಕೆ ಒಳಗಿನ ಹೊಲಿಗೆ ಕೈಗೆ ಸಿಗುತ್ತಲ್ಲ, ಹಾಗೆ. ಹೊರಗೆ ನೋಡಿದ್ರೆ ಗೆರೆಯೂ ಇಲ್ಲ, ಮುಖ ಕಾಣೋ ಹೊಳಪು.

ಆಗ... ಒಳಗಿನಿಂದ ಇನ್ನೊಂದು ಬೆರಳು ಅವಳ ಬೆರಳಿನ ತುದಿ ಮುಟ್ಟಿತು.

ಮೂರಾಳುದ್ದದ ಟ್ಯೂಬು ಅದು. ಆ ತುದೀಲಿ ಯಾರೂ ಇಲ್ಲ. ಇದ್ರೂ ಗಂಡಸಿನ ಬೆರಳು ಅಷ್ಟು ದೂರ ಬರೋಕೆ ಸಾಧ್ಯಾನಾ? ಬೆಚ್ಚಗಿತ್ತು. ತುದಿ ಒರಟಾಗಿತ್ತು. ಒಂದು ಗಳಿಗೆ ಹಾಗೇ ಇತ್ತು, ಆಮೇಲೆ ಹಿಂದೆ ಸರೀತು. ಕೆಂಡಕ್ಕ ಕೂಗಲಿಲ್ಲ. ನೆಲದ ಮೇಲೆ ಕೂತು, ಗಂಡ ಸತ್ತ ಮೇಲೆ ಮೊದಲ ಸಲ, ಬಿಕ್ಕಿ ಬಿಕ್ಕಿ ಅತ್ತಳು.

ಬೆಳಗ್ಗೆ ಭಾವನ ಜೊತೆ ಕೆಲಸ ಮಾಡಿದ್ದ ಹಿರಿ ಫಿಟ್ಟರನ್ನ ಹಿಡಿದ್ಲು. ದಪ್ಪ ಗಾಜಿನವರು, ಕನ್ನಡಕದಣ್ಣ ಅಂತ ಕರೆಯೋರು.

"ಅಣ್ಣಾ, ಟ್ಯೂಬಿನ ಒಳಗೆ ಏಣು ಇರುತ್ತಾ?"

ಕನ್ನಡಕದಣ್ಣ ಅತ್ತಿತ್ತ ನೋಡಿದ್ರು. "ಮೆಲ್ಲಗೆ ಮಾತಾಡಮ್ಮ."

"ಇರುತ್ತಾ, ಇಲ್ವಾ?"

"ಇರಬಾರದು. ಇದು ಇಡಿಯಾಗಿ ಎಳೆದ ಕೊಳವೆ ಆಗಿರಬೇಕು, ಹೊಲಿಗೆ ಇಲ್ಲದ್ದು. ತಗಡು ಸುತ್ತಿ ಬೆಸುಗೆ ಹಾಕಿದ್ರೆ ಈ ಒತ್ತಡಕ್ಕೆ ಒಂದಲ್ಲ ಒಂದು ದಿನ ಬಾಯಿ ಬಿಡುತ್ತೆ. ಹೊರಗಡೆ ಉಜ್ಜಿ ಪಾಲಿಶ್ ಹೊಡೆದಿದ್ದಾರೆ. ಹೊರಗೆ ಥಳುಕು, ಒಳಗೆ ಹುಳುಕು."

"ಹಾಗಾದ್ರೆ ನಮ್ಮನೆಯವರು..."

ಅವರು ತಲೆ ತಗ್ಗಿಸಿದ್ರು. "ಅವನು ಇದನ್ನೇ ಇಸ್ತ್ರಿಗೆ ಹೇಳಿದ್ದ. ಅದಕ್ಕೆ ಇಸ್ತ್ರಿ ‘ಬಾಯಿ ಮುಚ್ಚು, ಅಗ್ಗಕ್ಕೆ ಸಿಕ್ಕಿದೆ’ ಅಂದ. ಮೂರನೇ ದಿನಕ್ಕೆ ಟ್ಯೂಬು ಒಡೀತು."

"ನಿಮಗೆ ಗೊತ್ತಿತ್ತು!"

"ಮಕ್ಕಳೊಂದಿಗ ನಾನು..."

"ಅವರಿಗೆ ನಾನಿರಲಿಲ್ವಾ?" ಅಂದ್ಲು. ಇಷ್ಟು ದಿನ ಸತ್ತವನ ಮೇಲಿದ್ದ ಸಿಟ್ಟೆಲ್ಲ ಒಂದೇ ಸಲ ಬದುಕಿದ್ದವರ ಕಡೆ ತಿರುಗಿತು. "ಅದೇ ಟ್ಯೂಬು ಹೊಸ ಷೆಡ್ಡಿಗೂ ಹಾಕಿದ್ದೀರಾ?"

ಕನ್ನಡಕದಣ್ಣ ಹೌದು ಅಂತ ತಲೆ ಆಡಿಸಿದ್ರು. ಅಷ್ಟು ಹೊತ್ತಿಗೆ ಹೊಸ ಷೆಡ್ಡಿನಲ್ಲಿ ಸೈರನ್ ಕೂಗಿತು. ಅವತ್ತೇ ಗ್ಯಾಸು ಬಿಡೋ ದಿನ.

ಕೆಂಡಕ್ಕ ಓಡಿದ್ಲು. ಷೆಡ್ಡಿನೊಳಗೆ ಫಿಟ್ಟರುಗಳು ಕೊನೇ ನಟ್ಟುಗಳನ್ನ ನೋಡ್ತಿದ್ರು. ಇಸ್ತ್ರಿ ಹೊರಗೆ, ಗಾಜಿನ ಕೋಣೇಲಿ, ಗ್ಯಾಸು ಬಿಡೋ ಗುಂಡಿ ಹತ್ತಿರ ನಿಂತಿದ್ದ. ಕೂಗಿದ್ರೆ ಯಾರಿಗೆ ಕೇಳುತ್ತೆ ಆ ಗದ್ದಲದಲ್ಲಿ? ಅವಳು ಬಾಗಿಲಲ್ಲಿ ಬಿದ್ದಿದ್ದ ಸ್ಪ್ಯಾನರ್ ಎತ್ತಿ, ಹತ್ತಿರದ ಟ್ಯೂಬಿಗೆ ಬಡಿದ್ಲು.

ಟಿಣ್. ಟಿಣ್. ಕಿರ್ರ್ರ್.

ಎಲ್ಲರ ಕೈ ನಿಂತಿತು. ಮತ್ತೆ ಬಡಿದ್ಲು. ಒಬ್ಬೊಬ್ಬರಾಗಿ ಸಾಮಾನು ಕೆಳಗಿಟ್ಟು ಹೊರಗೆ ಬಂದ್ರು. ಇಸ್ತ್ರಿ ಗಾಜಿನ ಕೋಣೆಯಿಂದ ಆಚೆ ಬಂದ, ಮುಖ ಕೆಂಪಾಗಿತ್ತು.

"ಯಾರು ಬಡಿದದ್ದು? ನೀನಾ? ಗಂಡ ಕೆಡಿಸಿದ್ದು ಸಾಲದು ಅಂತ ನೀನೂ ಬಂದ್ಯಾ?"

ಕೆಂಡಕ್ಕ ಸ್ಪ್ಯಾನರನ್ನ ನೆಲಕ್ಕೆ ಎಸೆದ್ಲು. ಎರಡೂ ಕೈ ಖಾಲಿ. ಆದ್ರೂ ಒಳಗಿನಿಂದ... ಖಾಲಿ ಷೆಡ್ಡಿನ ಒಳಗಿನಿಂದ...

ಟಿಣ್... ಟಿಣ್... ಕಿರ್ರ್ರ್.

ಎಲ್ಲರೂ ಕೇಳಿದ್ರು. "ಇವೆಲ್ಲ ನಿಮ್ಮ ನಾಟಕ!" ಅಂತ ಕಿರುಚಿ ಇಸ್ತ್ರಿ ಗಾಜಿನ ಕೋಣೆಗೆ ಹೋಗಿ, ಯಾರು ಬೇಡ ಅಂದ್ರೂ ಕೇಳದೆ, ಗುಂಡಿ ಒತ್ತಿದ.

ಮೊದಲು ಸುಯ್ ಅಂತು. ಆಮೇಲೆ ಪರ್ರ್ರ್... ಹೊಸ ಬಟ್ಟೆ ಹರಿದ ಹಾಗೆ. ಗೋಡೆ ಮೇಲಿನ ಟ್ಯೂಬು ಈ ತುದಿಯಿಂದ ಆ ತುದಿಗೆ ಸೀಳಿತು. ಬುಸ್ಸ್ ಅಂತ ಗ್ಯಾಸು ನುಗ್ಗಿ ಒಳಗಿನ ಮೇಜು, ಏಣಿ, ಡಬ್ಬಗಳನ್ನೆಲ್ಲ ಎತ್ತಿ ಎಸೀತು. ಎಲ್ಲರೂ ನೆಲಕ್ಕೆ ಬಿದ್ರು. ಆಮೇಲೆ, ಯಾರೋ ಗಂಟಲು ಹಿಸುಕಿದ ಹಾಗೆ, ಸದ್ದು ನಿಂತುಹೋಯ್ತು.

ಒಬ್ಬರಿಗೂ ಏನೂ ಆಗಲಿಲ್ಲ.

ಒಳಗಿನ ವಾಸನೆ ಹೋದ ಮೇಲೆ ಕೆಂಡಕ್ಕ ಸೀಳದೆ ಉಳಿದ ಒಂದು ತುಂಡು ತಂದು ಇಸ್ತ್ರಿ ಮುಂದೆ ಹಿಡಿದ್ಲು. "ಹಾಕು ಬೆರಳು," ಅಂದ್ಲು. ಬಹುವಚನ ಅವತ್ತಿಗೆ ಮುಗಿದಿತ್ತು. ಆಳುಗಳು ಸುತ್ತ ನಿಂತಿದ್ರು. ಅವನು ಹಾಕಿದ. ಹಾಕಿದವನು ಚಿಟ್ಟನೆ ಚೀರಿ, ಕೈ ಕಿತ್ಕೊಂಡು, ಹಿಂದಕ್ಕೆ ಬಿದ್ದ. ಅವನಿಗೆ ಏನು ಮುಟ್ಟಿತೋ ಅವನು ಹೇಳಲಿಲ್ಲ. "ಅವನ ತಪ್ಪಲ್ಲ," ಅಂದ. "ಹೊಲಿಗೆ ಟ್ಯೂಬು ಅಂತ ನನಗೆ ಗೊತ್ತಿತ್ತು."

"ಜೋರಾಗಿ ಹೇಳು," ಅಂದ್ಲು.

ಹೇಳಿದ. ಎಲ್ಲರಿಗೂ ಕೇಳೋ ಹಾಗೆ ಹೇಳಿದ. ಆ ವಾರವೇ ಅವನನ್ನ ಕೆಲಸದಿಂದ ತೆಗೆದ್ರು, ಸ್ಟೋರಿನ ಟ್ಯೂಬುಗಳನ್ನೆಲ್ಲ ಗುಜರಿಗೆ ಹಾಕಿದ್ರು. ಕೆಂಡಕ್ಕನ ಸಿಟ್ಟು ಇಳೀತು ಅಂದ್ಕೊಂಡ್ರಾ? ಇಲ್ಲ. "ಅವನು ಹೇಳಿದ್ರೆ ಇವರು ವಾಪಸ್ ಬರ್ತಾರಾ?" ಅಂತ ಇವತ್ತಿಗೂ ಹಲ್ಲು ಕಡೀತಾಳೆ.

ಇನ್ನೊಂದು ಮಾತಿದೆ, ಅದು ನಾನು ಕಣ್ಣಾರೆ ಕಂಡದ್ದು. ನಾನಾಗ ಅಲ್ಲಿಗೆ ಲಾರಿ ಓಡಿಸ್ತಿದ್ದೆ. ಗ್ಯಾಸು ಹೇಗೆ ನಿಂತಿತು ಅಂತ ನೋಡೋಕೆ ಕನ್ನಡಕದಣ್ಣನ ಜೊತೆ ದೂರದ ದೊಡ್ಡ ವಾಲ್ವಿನ ಹತ್ತಿರ ಹೋದೆ. ಅದರ ಚಕ್ರ ತಿರುಗಿಸೋಕೆ ಇಬ್ಬರು ಗಟ್ಟಿ ಆಳು ಬೇಕು. ಅದು ಪೂರ್ತಿ ಮುಚ್ಚಿತ್ತು. ‘ಮುಚ್ಚಿದ್ದು ನಾನು’ ಅಂತ ಯಾರೂ ಹೇಳಲಿಲ್ಲ. ಚಕ್ರದ ಮೇಲೆ ಬಳಿದಿದ್ದ ಗ್ರೀಸಿನಲ್ಲಿ ಅಂಗೈ ಗುರುತುಗಳಿದ್ವು, ಹಸಿ ಹಸಿ. ಎರಡು ಅಂಗೈ, ಅಕ್ಕಪಕ್ಕ. ಕನ್ನಡಕದಣ್ಣ ತಮ್ಮ ಕೈ ಅದರ ಮೇಲೆ ಹಿಡಿದು ನೋಡಿದ್ರು. ನಾನೂ ಹಿಡಿದು ನೋಡಿದೆ.

ಎರಡೂ ಎಡಗೈ... ಒಂದೇ ಕೈಯ ಅಚ್ಚು.

ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಆ ಗ್ರೀಸು ನನ್ನ ಕೈಗೆ ಹತ್ತಿತ್ತು, ನಾನೇ ಒರೆಸ್ಕೊಂಡಿದ್ದೀನಿ.